ವೀಲ್‌ಚೇರ್‌ನಲ್ಲಿರುವ ತಂಗಿಯನ್ನು ರೈಲಿಗೆ ಹತ್ತಿಸುವುದು ಹೇಗೆ?

ಪ್ರಶ್ನೆ: ನಮ್ಮದು ಅಣ್ಣಿಗೇರಿ. ನನ್ನ ತಂಗಿಗೆ 26 ವರ್ಷ. ಮೂರು ವರ್ಷದ ಹಿಂದೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ವೀಲ್‌ಚೇರ್ ಬಳಸುತ್ತಾಳೆ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಅವಳಿಗೆ ಕೆಲಸದ ಸಂದರ್ಶನ ಇದೆ. ಕಾರು ಮಾಡಿಕೊಂಡು ಹೋಗುವಷ್ಟು ಅನುಕೂಲ ಇಲ್ಲ. ರಿಯಾಯಿತಿ ಟಿಕೆಟ್ ಹೇಗೆ ಸಿಗುತ್ತದೆ? ಅಂಗವಿಕಲರ ಬೋಗಿಯಲ್ಲಿ ಹೋಗಬೇಕೋ, ಸ್ಲೀಪರ್‌ನಲ್ಲೋ? ಅಪಘಾತದ ನಂತರ ಅವಳು ರೈಲು ಹತ್ತಿಲ್ಲ. ಹತ್ತಿಸುವುದು ನೆನೆಸಿಕೊಂಡರೇ ಭಯ ಆಗುತ್ತದೆ.

ಉತ್ತರ: ಪತ್ರದ ತುಂಬಾ ಟಿಕೆಟ್ ಬಗ್ಗೆ ಕೇಳಿದ್ದೀರಿ. ಹತ್ತಿಸುವ ಮಾತು ಕೊನೆಗೆ ಒಂದೇ ಸಾಲು. ನಾನು ಆ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಟಿಕೆಟ್ ಕೆಲಸ ಓಡಾಡಿದರೆ ಆಗುತ್ತದೆ. ಆದರೆ ಪ್ರಯಾಣ ಚೆನ್ನಾಗಿ ಆಯಿತೋ ಇಲ್ಲವೋ ಅನ್ನುವುದು ಪ್ಲಾಟ್‌ಫಾರಂಗೂ ಬೋಗಿಯ ಬಾಗಿಲಿಗೂ ನಡುವಿನ ಮೊಣಕಾಲೆತ್ತರದ ಜಾಗದಲ್ಲೇ ತೀರ್ಮಾನ ಆಗುತ್ತದೆ. ನಾನೂ 19 ವರ್ಷದಿಂದ ವೀಲ್‌ಚೇರ್‌ನಲ್ಲಿದ್ದೇನೆ, ಬೆನ್ನುಹುರಿ ಪೆಟ್ಟಾದವರಿಗೆ ವೀಲ್‌ಚೇರ್ ಬಳಕೆ ಕಲಿಸುವುದೇ ನನ್ನ ಕೆಲಸ. ನಿಮ್ಮ ಭಯ ನನಗೆ ಗೊತ್ತು.

ಮೊದಲು ಅಳತೆ ನೋಡಿ. ನಮ್ಮ ದೊಡ್ಡ ನಿಲ್ದಾಣಗಳ ಎತ್ತರದ ಪ್ಲಾಟ್‌ಫಾರಂ ಹಳಿಯಿಂದ 76ರಿಂದ 84 ಸೆಂಟಿಮೀಟರ್ ಮೇಲಿರುತ್ತದೆ. ಬೋಗಿಯ ನೆಲ ಇರುವುದು ಹೆಚ್ಚುಕಡಿಮೆ 130 ಸೆಂಟಿಮೀಟರ್ ಎತ್ತರದಲ್ಲಿ. ಅಂದರೆ ಒಳ್ಳೆಯ ಪ್ಲಾಟ್‌ಫಾರಂನಲ್ಲೂ 45-50 ಸೆಂಟಿಮೀಟರ್ ಮೇಲೆ ಎತ್ತಲೇಬೇಕು. ಸಣ್ಣ ಊರಿನ ತಗ್ಗು ಪ್ಲಾಟ್‌ಫಾರಂ ಆದರೆ ಇನ್ನೂ ಮೇಲಕ್ಕೆ ಎತ್ತಬೇಕಾಗುತ್ತದೆ. ನಮ್ಮ ಮೆಟ್ರೋದಲ್ಲಿ ಪ್ಲಾಟ್‌ಫಾರಂ ಮತ್ತು ಗಾಡಿಯ ನೆಲ ಸಮಮಟ್ಟ, ಅದಕ್ಕೇ ಅಲ್ಲಿ ನಾನು ಯಾರ ಕೈಯೂ ಹಿಡಿಯದೆ ಹತ್ತುತ್ತೇನೆ. ರೈಲಿನಲ್ಲಿ ಹಾಗಿಲ್ಲ.

‘ಒಂದು ಹಲಗೆ ಇಟ್ಟರೆ ಆಗಲ್ವಾ?’ ಅಂತ ಎಲ್ಲರೂ ಕೇಳುತ್ತಾರೆ. ವೀಲ್‌ಚೇರ್ ಸುರಕ್ಷಿತವಾಗಿ ಏರಲು ರ‍್ಯಾಂಪ್ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಆ ಲೆಕ್ಕದಲ್ಲಿ 45 ಸೆಂಟಿಮೀಟರ್‌ಗೆ ಸುಮಾರು ಐದೂವರೆ ಮೀಟರ್ ಉದ್ದದ ರ‍್ಯಾಂಪ್ ಬೇಕು. ಅಷ್ಟುದ್ದದ್ದು ಎಲ್ಲಿ ಹಾಸುತ್ತೀರಿ? ಹಾಗಾಗಿ ನಿಲ್ದಾಣದಲ್ಲಿ ಮಡಚುವ ರ‍್ಯಾಂಪ್ ಇದ್ದರೂ ಅದು ಗಿಡ್ಡದು, ಇಳಿಜಾರು ಕಡಿದು. ಇಬ್ಬರು ಗಟ್ಟಿಯಾಗಿ ಹಿಡಿದುಕೊಂಡೇ ತಳ್ಳಬೇಕು. ಆದರೂ ಮೈ ಎತ್ತುವುದಕ್ಕಿಂತ ಅದು ಸಾವಿರ ಪಾಲು ಮೇಲು. ಮುಂಬೈಯ ವಿರಾಲಿ ಮೋದಿ ಎಂಬ ಯುವತಿ, ಅವರೂ ವೀಲ್‌ಚೇರ್ ಬಳಸುವವರು, ರೈಲಿಗೆ ಹತ್ತಿಸುವ ನೆಪದಲ್ಲಿ ಕೂಲಿಗಳು ತಮ್ಮ ಮೈ ಮುಟ್ಟಿ ಕೆಟ್ಟದಾಗಿ ನಡೆದುಕೊಂಡದ್ದನ್ನು ಬಹಿರಂಗವಾಗಿ ಹೇಳಿ 2017ರಲ್ಲಿ ಅಭಿಯಾನವನ್ನೇ ನಡೆಸಿದರು. ಅದರಿಂದಾಗಿ ಕೇರಳದ ಎರ್ನಾಕುಲಂನಂಥ ನಿಲ್ದಾಣಗಳಿಗೆ ಮಡಚುವ ರ‍್ಯಾಂಪ್ ಬಂತು. ನಿಮ್ಮ ತಂಗಿಯೂ ಹೆಣ್ಣುಮಗಳು. ಯಾರು ಎತ್ತುತ್ತಾರೆ, ಎಲ್ಲಿ ಹಿಡಿಯುತ್ತಾರೆ ಎಂಬುದನ್ನು ಅವಳೇ ಹೇಳಬೇಕು. ಮುಜುಗರ ಅಂತ ಬಿಡುವ ವಿಷಯ ಅಲ್ಲ ಇದು.

ಈಗ ನನ್ನ ಮುಖ್ಯ ಸಲಹೆ: ಅಣ್ಣಿಗೇರಿಯಲ್ಲಿ ಹತ್ತಬೇಡಿ. ಹುಬ್ಬಳ್ಳಿಗೆ ಹೋಗಿ ಹತ್ತಿ. ಮನೆ ಹತ್ತಿರದ ನಿಲ್ದಾಣ ಬಿಟ್ಟು ಮೂವತ್ತೈದು ಕಿಲೋಮೀಟರ್ ಹಿಂದೆ ಹೋಗುವುದು ಯಾಕೆ ಅನ್ನಿಸಬಹುದು. ಚಿಕ್ಕ ನಿಲ್ದಾಣದಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ. ರಾತ್ರಿ ಪ್ರಯಾಣದಲ್ಲಿ ಬೆಂಗಳೂರು ಮುಟ್ಟಿಸುವ ಹಂಪಿ ಎಕ್ಸ್‌ಪ್ರೆಸ್ ಹೊರಡುವುದೇ ಹುಬ್ಬಳ್ಳಿಯಿಂದ. ಹೊರಡುವ ಜಾಗದಲ್ಲಿ ಗಾಡಿ ಮುಂಚೆಯೇ ಪ್ಲಾಟ್‌ಫಾರಂಗೆ ಬಂದು ನಿಂತಿರುತ್ತದೆ. ಜನ ಇನ್ನೂ ಬಂದಿರುವುದಿಲ್ಲ, ಬಾಗಿಲಲ್ಲಿ ನೂಕಾಟ ಇರುವುದಿಲ್ಲ. ಒಂದು ಸಲ ಸರಿಯಾಗದಿದ್ದರೆ ಇಳಿಸಿ, ಉಸಿರು ತಗೊಂಡು, ಮತ್ತೆ ಎತ್ತಬಹುದು. ವೀಲ್‌ಚೇರ್ ಪ್ರಯಾಣಿಕರಿಗೆ ಗಾಡಿ ನಿಂತಿರುವ ಹೊತ್ತಿಗಿಂತ ದೊಡ್ಡ ಸೌಲಭ್ಯ ಇನ್ನೊಂದಿಲ್ಲ.

ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ವರ್ಷಗಳ ಹಿಂದೆ ಒಂದು ಸಣ್ಣ ನಿಲ್ದಾಣದಲ್ಲಿ ಎರಡು ನಿಮಿಷದ ನಿಲುಗಡೆಯಲ್ಲಿ ನನ್ನನ್ನು ಹತ್ತಿಸಿದರು. ಅಣ್ಣ ನನ್ನನ್ನು ಎತ್ತಿಕೊಂಡು ಬಾಗಿಲ ಪಕ್ಕದ ನೆಲದ ಮೇಲೆ ಕೂರಿಸಿದ. ಚೇರ್ ತರಲು ತಿರುಗುವಷ್ಟರಲ್ಲಿ ಗಾಡಿ ಅಲುಗಿತು. ಖಾಲಿ ಚೇರ್ ಪ್ಲಾಟ್‌ಫಾರಂ ಮೇಲೆ ನಿಂತೇ ಇತ್ತು, ಅದರ ಮೇಲೆ ನನ್ನ ಸ್ವೆಟರ್. ಅದು ಸಣ್ಣದಾಗುತ್ತಾ ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವತ್ತಿನಿಂದ ನನ್ನದು ಒಂದೇ ನಿಯಮ. ಮೊದಲು ಚೀಲ ಹತ್ತಬೇಕು, ಆಮೇಲೆ ನಾನು, ನನ್ನ ಬೆನ್ನಿಗೇ ಚೇರ್. ಚೇರ್‌ಗೆ ಅಂತಲೇ ಒಬ್ಬ ಮನುಷ್ಯ ಬೇರೆ ಇರಬೇಕು. ಅವನಿಗೆ ಬೇರೆ ಯಾವ ಕೆಲಸವನ್ನೂ ಹೇಳಬಾರದು.

ಹುಬ್ಬಳ್ಳಿಯಲ್ಲಿ ಒಂದು ಎಚ್ಚರಿಕೆ ಬೇಕು. ಅಲ್ಲಿಯ ಉದ್ದದ ಪ್ಲಾಟ್‌ಫಾರಂ 1,507 ಮೀಟರ್. 2023ರಲ್ಲಿ ಜಗತ್ತಿನಲ್ಲೇ ಅತಿ ಉದ್ದದ್ದು ಅಂತ ದಾಖಲೆ ಆಯಿತು. ಹೆಮ್ಮೆಯ ವಿಷಯವೇ. ಆದರೆ ನಿಮ್ಮ ಬೋಗಿ ಯಾವ ತುದಿಯಲ್ಲಿದೆ ಅಂತ ಗೊತ್ತಿಲ್ಲದೆ ಹೋದರೆ ಒಂದು ಕಿಲೋಮೀಟರ್ ಚೇರ್ ತಳ್ಳಬೇಕಾಗಬಹುದು. ಯಾವ ಪ್ಲಾಟ್‌ಫಾರಂ, ಯಾವ ದ್ವಾರದಿಂದ ಹತ್ತಿರ ಅಂತ ಕೇಳಿಕೊಂಡೇ ಆಟೋ ಇಳಿಯಿರಿ. ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ಬೋಗಿಗಳ ಸಾಲು ತೋರಿಸುತ್ತಾರೆ. ಒಂದೂವರೆ ಗಂಟೆ ಮುಂಚೆ ಹೋಗಿ ಸೀದಾ ಸ್ಟೇಷನ್ ಮಾಸ್ಟರ್ ಕೋಣೆಗೆ ಹೋಗಿ. ಪಿಎನ್‌ಆರ್ ಕೊಟ್ಟು, ‘ವೀಲ್‌ಚೇರ್ ಪ್ರಯಾಣಿಕರಿದ್ದಾರೆ, ಮಡಚುವ ರ‍್ಯಾಂಪ್ ಇದ್ದರೆ ಬೇಕು, ಇಲ್ಲದಿದ್ದರೆ ಎತ್ತಲು ಇಬ್ಬರು ಬೇಕು, ಗಾರ್ಡ್‌ಗೆ ತಿಳಿಸಿ’ ಅಂತ ಹೇಳಿ. ಗಾರ್ಡ್‌ಗೆ ಈಗ ಟ್ರೈನ್ ಮ್ಯಾನೇಜರ್ ಅಂತ ಹೆಸರು. ಹಿಂದಿನ ದಿನವೇ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ವೀಲ್‌ಚೇರ್ ನೆರವು ಬೇಕೆಂದು ದಾಖಲಿಸಿರಿ. ದಾಖಲಿಸಿದ ಮಾತ್ರಕ್ಕೆ ಪ್ಲಾಟ್‌ಫಾರಂ ಮೇಲೆ ಜನ ಕಾಯುತ್ತಾ ನಿಂತಿರುತ್ತಾರೆ ಅಂದುಕೊಳ್ಳಬೇಡಿ. ಹಮಾಲರ ಹತ್ತಿರವೂ ಮೊದಲೇ ಮಾತಾಡಿ, ದುಡ್ಡು ಎಷ್ಟು ಅಂತ ಆಗಲೇ ಇತ್ಯರ್ಥ ಮಾಡಿಕೊಳ್ಳಿ.

ಈಗ ಎತ್ತುವ ರೀತಿ. ಇದನ್ನು ಮನೆಯಲ್ಲಿ, ಅಂಗಳದ ಕಟ್ಟೆಯ ಹತ್ತಿರ, ಕನಿಷ್ಠ ಐದಾರು ಸಲ ಅಭ್ಯಾಸ ಮಾಡಿ. ಕಟ್ಟೆ ಒಂದೂವರೆ ಅಡಿ ಇದ್ದರೆ ಸರಿಯಾಗಿ ರೈಲಿನ ಎತ್ತರವೇ.

ಮಾಮೂಲಿ ಸ್ಲೀಪರ್ ಬೋಗಿಯ ಬಾಗಿಲಿಗೆ ಅಗಲದ ವೀಲ್‌ಚೇರ್ ಸಿಕ್ಕಿಹಾಕಿಕೊಳ್ಳುತ್ತದೆ. ಒಳಗಿನ ಓಣಿಯಲ್ಲಂತೂ ಹೋಗುವುದೇ ಇಲ್ಲ. ಹಾಗಾಗಿ ಚೇರ್ ಸಮೇತ ಎತ್ತುವ ಯೋಚನೆ ಬಿಡಿ. ಬಾಗಿಲ ಪಕ್ಕಕ್ಕೆ ಚೇರ್ ತಂದು ಎರಡೂ ಬ್ರೇಕ್ ಹಾಕಿ. ಒಬ್ಬರು ಹಿಂದೆ ನಿಲ್ಲಬೇಕು. ತಂಗಿ ತನ್ನ ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಕಟ್ಟಿಕೊಳ್ಳಲಿ. ಹಿಂದಿನವರು ಅವಳ ಕಂಕುಳ ಕೆಳಗಿಂದ ಕೈ ತೂರಿಸಿ ಅವಳ ಮುಂಗೈಗಳನ್ನೇ ಹಿಡಿಯಬೇಕು. ಹೀಗೆ ಹಿಡಿದರೆ ಎದೆಗೆ ಕೈ ತಾಗುವುದಿಲ್ಲ, ಹಿಡಿತವೂ ಜಾರುವುದಿಲ್ಲ. ಇನ್ನೊಬ್ಬರು ಮೊಣಕಾಲ ಕೆಳಗೆ ಎರಡೂ ಕೈ ಹಾಕಿ ಹಿಡಿಯಬೇಕು. ಹಿಂದೆ ಇರುವವರು ನೀವೇ ಆಗಿರಿ, ಇಲ್ಲವೇ ಅವಳು ಒಪ್ಪಿದ ಮನೆಯವರು. ಕಾಲ ಕಡೆಗೆ ಹಮಾಲರು ಇರಲಿ. ಬೋಗಿಯೊಳಗೆ ಮೂರನೆಯವರೊಬ್ಬರು ನಿಂತು ಬರಮಾಡಿಕೊಳ್ಳಬೇಕು. ‘ಒಂದು, ಎರಡು, ಮೂರು’ ಎಣಿಸುವುದು ತಂಗಿಯೇ. ಅವಳು ಎಣಿಸದೆ ಯಾರೂ ಎತ್ತಬಾರದು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನಾಲ್ಕು ಜನ ನನ್ನನ್ನು ಮೂಟೆಯ ಹಾಗೆ ಎತ್ತಿದ ದಿನಕ್ಕೂ, ನಾನು ಎಣಿಸಿದ ಮೇಲೆ ಎತ್ತಿದ ದಿನಕ್ಕೂ ಇರುವ ಅಂತರ ನನ್ನ ಮೈಗೆ ಗೊತ್ತು.

ಬಾಗಿಲ ಹತ್ತಿರದ ಕಬ್ಬಿಣದ ಮೆಟ್ಟಿಲಿಗೆ, ಕಂಬಿಗೆ ಅವಳ ಕಾಲು ತಗುಲದಂತೆ ನೋಡಿಕೊಳ್ಳಿ. ಸ್ಪರ್ಶ ಇಲ್ಲದ ಕಾಲಿಗೆ ಗಾಯ ಆದರೂ ಗೊತ್ತಾಗುವುದಿಲ್ಲ. ಸೀರೆ, ಚೂಡಿದಾರದ ದುಪಟ್ಟಾ ಬೇಡ. ದಪ್ಪ ಬಟ್ಟೆಯ ಪ್ಯಾಂಟು, ಕಾಲುಚೀಲ, ಶೂ ಹಾಕಿಸಿ. ಬೋಗಿಯೊಳಗೆ ಹೋದ ಮೇಲೆ ಬರ್ತ್‌ವರೆಗೆ ಕರೆದೊಯ್ಯಲು ನಾನು ಒಂದು ಗಟ್ಟಿ ಜಮಖಾನ ಇಟ್ಟುಕೊಳ್ಳುತ್ತೇನೆ. ಅದನ್ನು ಮೈಕೆಳಗೆ ಹಾಸಿ, ಮುಂದೊಬ್ಬರು ಹಿಂದೊಬ್ಬರು ಹಿಡಿದರೆ ಇಕ್ಕಟ್ಟಿನ ಓಣಿಯಲ್ಲೂ ಸಲೀಸು. ಚೇರ್ ಮಡಚಿ, ಕಾಲಿಡುವ ತಟ್ಟೆ ಬಿಚ್ಚಿ, ಬರ್ತ್ ಕಂಬಿಗೆ ಹಗ್ಗದಲ್ಲಿ ಕಟ್ಟಿ. ಕುಶನ್ ಮಾತ್ರ ಎಲ್ಲೂ ಕಟ್ಟಬೇಡಿ, ಅದು ಅವಳ ಮೈಕೆಳಗೇ ಇರಬೇಕು.

ಇನ್ನು ಟಿಕೆಟ್. ಅಂಗವಿಕಲರಲ್ಲಿ ರೈಲ್ವೆ ರಿಯಾಯಿತಿ ಕೊಡುವುದು ನಾಲ್ಕೇ ಗುಂಪಿಗೆ. ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾಗದ ದೈಹಿಕ ಅಂಗವೈಕಲ್ಯ ಇರುವವರು, ಹಾಗೆಯೇ ಜೊತೆಗಾರರು ಬೇಕೇ ಬೇಕಾದ ಬೌದ್ಧಿಕ ಅಂಗವೈಕಲ್ಯ ಇರುವವರು, ಪೂರ್ತಿ ದೃಷ್ಟಿ ಇಲ್ಲದವರು, ಕಿವಿ ಮತ್ತು ಮಾತು ಎರಡೂ ಪೂರ್ತಿ ಇಲ್ಲದವರು. ನಿಮ್ಮ ತಂಗಿ ಮೊದಲ ಗುಂಪಿಗೆ ಬರುತ್ತಾಳೆ. ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಮೂಲ ದರದ ಮೇಲೆ 75 ಶೇಕಡಾ ರಿಯಾಯಿತಿ. ಎರಡನೇ ದರ್ಜೆ ಎಸಿ, ಮೊದಲ ದರ್ಜೆ ಎಸಿಯಲ್ಲಿ 50 ಶೇಕಡಾ. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ರಿಯಾಯಿತಿ ಸಿಗುತ್ತದೆ. ಕಾಯ್ದಿರಿಸುವ ಶುಲ್ಕ, ಸೂಪರ್‌ಫಾಸ್ಟ್ ಶುಲ್ಕಗಳಿಗೆ ರಿಯಾಯಿತಿ ಇಲ್ಲ. ತತ್ಕಾಲ್‌ನಲ್ಲಂತೂ ಏನೂ ಇಲ್ಲ. 2020ರಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಲ್ಲಿಸಿದಾಗ ಇದೂ ಹೋಯಿತು ಅಂತ ಹಲವರು ತಿಳಿದುಕೊಂಡಿದ್ದಾರೆ. ಇಲ್ಲ, ಇದು ಉಳಿದಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ. ರೈಲ್ವೆಯ ಪಟ್ಟಿಯಲ್ಲಿ ಇನ್ನೂ ನಾಲ್ಕು. ದೃಷ್ಟಿ ಮಂಜಾದವರು, ಕಿವಿ ಮಾತ್ರ ಕೇಳದವರು ಹೊರಗೇ ಉಳಿಯುತ್ತಾರೆ. ಇದು ಸರಿಯಲ್ಲ ಅಂತ ನಾನು ಎಲ್ಲಿ ಅವಕಾಶ ಸಿಕ್ಕರೂ ಹೇಳುತ್ತೇನೆ, ಇಲ್ಲೂ ಹೇಳುತ್ತಿದ್ದೇನೆ.

ಯುಡಿಐಡಿ ಕಾರ್ಡ್, ಅಂದರೆ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ, ಇದ್ದ ಮಾತ್ರಕ್ಕೆ ಈ ರಿಯಾಯಿತಿ ತಾನಾಗಿ ಬರುವುದಿಲ್ಲ. ರೈಲ್ವೆಯದೇ ಒಂದು ನಮೂನೆ ಇದೆ, ರಿಯಾಯಿತಿ ಪ್ರಮಾಣಪತ್ರ ಅಂತ. ಅದಕ್ಕೆ ಸರ್ಕಾರಿ ಆಸ್ಪತ್ರೆಯ ವೈದ್ಯರ ಸಹಿ, ಮೊಹರು ಬೇಕು. ಅದರಲ್ಲಿ ‘ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾರರು’ ಎಂಬ ಮಾತು ಇದೆಯಾ ಅಂತ ಅಲ್ಲೇ ನಿಂತು ಓದಿ ನೋಡಿ. ಆ ಒಂದು ಸಾಲು ಇಲ್ಲದೆ ಅರ್ಜಿ ವಾಪಸ್ ಬಂದವರನ್ನು ನಾನು ಬಹಳ ನೋಡಿದ್ದೇನೆ. ಮೊಹರು ಅರ್ಧ ಫೋಟೋ ಮೇಲೆ, ಅರ್ಧ ಕಾಗದದ ಮೇಲೆ ಬೀಳಲಿ. ಶಾಶ್ವತ ಅಂಗವೈಕಲ್ಯ ಅಂತ ಬರೆದಿದ್ದರೆ 26ರಿಂದ 35 ವಯಸ್ಸಿನವರಿಗೆ ಆ ಪತ್ರ 10 ವರ್ಷ ನಡೆಯುತ್ತದೆ, 35 ದಾಟಿದವರಿಗೆ ಜೀವನಪೂರ್ತಿ. ತಂಗಿಗೆ 26 ಆಗಿರುವುದು ಅನುಕೂಲವೇ ಆಯಿತು, 25ರ ಒಳಗಾಗಿದ್ದರೆ ಐದೇ ವರ್ಷ.

ಈ ಪತ್ರ ಹಿಡಿದು ಕೌಂಟರ್‌ನಲ್ಲಿ ಟಿಕೆಟ್ ಮಾಡಿಸಬಹುದು. ಮೊಬೈಲ್‌ನಲ್ಲೇ ಮಾಡಬೇಕೆಂದರೆ ರೈಲ್ವೆಯ ದಿವ್ಯಾಂಗಜನ ಗುರುತಿನ ಚೀಟಿ ಬೇಕು. ಅದಕ್ಕೆ ರೈಲ್ವೆ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ನೀವು ಹುಬ್ಬಳ್ಳಿ ವಿಭಾಗಕ್ಕೆ ಸೇರುತ್ತೀರಿ. ಪರಿಶೀಲನೆಗೆ ದಿನ ಹಿಡಿಯುತ್ತದೆ, ಮುಂದಿನ ತಿಂಗಳ ಪ್ರಯಾಣಕ್ಕೆ ಅದನ್ನೇ ನಂಬಿ ಕೂರಬೇಡಿ. ಈ ಸಲ ಕೌಂಟರ್ ಟಿಕೆಟ್ ಮಾಡಿಸಿ, ಚೀಟಿಗೆ ಅರ್ಜಿ ಹಾಕಿ ಇಡಿ. ಹೊರಡುವಾಗ ಪ್ರಮಾಣಪತ್ರದ ಅಸಲು ಕೈಚೀಲದಲ್ಲಿರಲಿ. ಟಿಟಿಇ ಕೇಳುತ್ತಾರೆ, ಜೆರಾಕ್ಸ್ ನಡೆಯುವುದಿಲ್ಲ.

ಮುಂಗಡ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ಅಂಗವಿಕಲರಿಗೆ ಬೇರೆ ಕೋಟಾ ಇದೆ. ಸ್ಲೀಪರ್ ದರ್ಜೆಯಲ್ಲಿ ಒಂದು ಗಾಡಿಗೆ ನಾಲ್ಕು ಬರ್ತ್, ಅದರಲ್ಲಿ ಎರಡು ಕೆಳಗಿನವು. ಸ್ಲೀಪರ್ ಬೋಗಿಗಳೆಲ್ಲ ಸೇರಿ ಇಷ್ಟೇ. ಅದಕ್ಕೇ ಇವತ್ತೇ ಮಾಡಿಸಿ ಅನ್ನುವುದು. ಇಬ್ಬರ ಹೆಸರೂ ಒಂದೇ ಪಿಎನ್‌ಆರ್‌ನಲ್ಲಿರಲಿ. ಬರ್ತ್ ಬೋಗಿಯ ನಡುವೆ ಬಂದರೆ ಟಿಟಿಇಗೆ ಹೇಳಿ ಬಾಗಿಲ ಪಕ್ಕದ 1ರಿಂದ 8ರೊಳಗೆ ಬದಲಾಯಿಸಿಕೊಳ್ಳಲು ನೋಡಿ. ಅಲ್ಲಿ ಶೌಚಾಲಯದ ವಾಸನೆ ಇರುತ್ತದೆ ನಿಜ, ಆದರೆ ಹೊತ್ತು ನಡೆಯುವ ದೂರ ನಾಲ್ಕೈದು ಹೆಜ್ಜೆ. ಸೈಡ್ ಲೋವರ್ ಮಾತ್ರ ಬೇಡ. ಅದು ಗಿಡ್ಡ, ನಡುವೆ ಜೋಡಣೆಯ ಸಂದು ಇರುತ್ತದೆ, ಬೆನ್ನುಹುರಿಯವರ ಚರ್ಮಕ್ಕೆ ಅದು ಆಗಿಬರುವುದಿಲ್ಲ.

ಅಂಗವಿಕಲರ ಬೋಗಿ ಅಂದಿರಲ್ಲ, ಅದಕ್ಕೆ ಎಸ್‌ಎಲ್‌ಆರ್‌ಡಿ ಅನ್ನುತ್ತಾರೆ. ಗಾಡಿಯ ತುದಿಯಲ್ಲಿ, ಲಗೇಜ್ ಮತ್ತು ಗಾರ್ಡ್ ಕೋಣೆಯ ಜೊತೆಗೆ ಇರುತ್ತದೆ. ಬಾಗಿಲು ಅಗಲ, ಶೌಚಾಲಯ ದೊಡ್ಡದು, ಹಿಡಿಯಲು ಕಂಬಿ ಇದೆ. ವೀಲ್‌ಚೇರ್ ಒಳಗೆ ಹೋಗುವ ಬೋಗಿ ಅಂದರೆ ಅದೇ. ಆದರೆ ಅದಕ್ಕೆ ಸೀಟು ಕಾಯ್ದಿರಿಸಲು ಆಗುವುದಿಲ್ಲ, ಮೊದಲು ಬಂದವರಿಗೆ ಜಾಗ. ಬೇರೆಯವರು ನುಗ್ಗಿ ಕೂತಿರುವುದು ಮಾಮೂಲು. ಹಾಗೆ ಕೂತವರನ್ನು ಎಬ್ಬಿಸಲು ರೈಲ್ವೆ ಕಾಯ್ದೆಯ 155ನೇ ಕಲಂ ಇದೆ, 500 ರೂಪಾಯಿವರೆಗೆ ದಂಡವೂ ಇದೆ. 139ಕ್ಕೆ ಹೇಳಿದರೆ ರೈಲ್ವೆ ರಕ್ಷಣಾ ಪಡೆಯವರು ಬರುತ್ತಾರೆ. ಹಗಲು ಮೂರು ನಾಲ್ಕು ಗಂಟೆಯ ದಾರಿಗೆ ನಾನು ಅದರಲ್ಲೇ ಹೋಗುತ್ತೇನೆ. ರಾತ್ರಿಯಿಡೀ ಪ್ರಯಾಣಕ್ಕೆ, ಅದೂ ಸಂದರ್ಶನದ ಹಿಂದಿನ ರಾತ್ರಿ, ನಿಮ್ಮ ತಂಗಿಗೆ ಅದು ಬೇಡ ಅಂತಲೇ ನನ್ನ ಅಭಿಪ್ರಾಯ. ಖಚಿತವಾದ ಕೆಳಗಿನ ಬರ್ತ್ ಇರಲಿ, ನಿದ್ದೆ ಬರಲಿ.

ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ ಅನ್ನುವುದಾದರೆ ಹುಬ್ಬಳ್ಳಿಯಿಂದ ಹಗಲಿನ ವಂದೇ ಭಾರತ್ ಕೂಡ ಇದೆ. ಅದರ ಎರಡೂ ತುದಿಯ ಬೋಗಿಗಳಲ್ಲಿ ವೀಲ್‌ಚೇರ್‌ಗೆ ಜಾಗ, ಅಗಲವಾದ ಶೌಚಾಲಯ ಇದೆ. ರಾತ್ರಿಯ ತಾಪತ್ರಯ ಇಲ್ಲ. ಆದರೆ ಹುಬ್ಬಳ್ಳಿಯಲ್ಲಿ ಅದು ನಿಲ್ಲುವುದು ಸ್ವಲ್ಪ ಹೊತ್ತು, ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಗಾರ್ಡ್‌ಗೆ ಮೊದಲೇ ಸುದ್ದಿ ಮುಟ್ಟಿರಲೇಬೇಕು. ಒಂದು ದಿನ ಮುಂಚೆ ಹೋಗಿ ಬೆಂಗಳೂರಿನಲ್ಲಿ ಉಳಿಯುವ ಏರ್ಪಾಡೂ ಬೇಕಾಗುತ್ತದೆ.

ಯಾರೂ ಬಾಯಿಬಿಟ್ಟು ಕೇಳದ ಒಂದು ವಿಷಯ ಇದೆ, ಮೂತ್ರದ್ದು. ರೈಲಿನ ಶೌಚಾಲಯಕ್ಕೆ ಹೋಗಲು ಆಗುವುದಿಲ್ಲ ಅಂತ ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳು ಹಿಂದಿನ ದಿನದಿಂದಲೇ ನೀರು ಬಿಡುತ್ತಾರೆ. ಮೊದಮೊದಲು ನಾನೂ ಬಿಡುತ್ತಿದ್ದೆ. ಪರಿಣಾಮ ಮೂತ್ರದ ಸೋಂಕು, ಊರಿಗೆ ವಾಪಸಾಗುವಷ್ಟರಲ್ಲಿ ಚಳಿಜ್ವರ. ದಯವಿಟ್ಟು ಹಾಗೆ ಮಾಡಬೇಡಿ. ತಂಗಿ ಮನೆಯಲ್ಲಿ ನಾಲ್ಕೈದು ಗಂಟೆಗೊಮ್ಮೆ ಮೂತ್ರ ತೆಗೆಯುವ ನಳಿಕೆ (ಕ್ಯಾತಿಟರ್) ಹಾಕಿಕೊಳ್ಳುತ್ತಿದ್ದರೆ ರೈಲಿನಲ್ಲೂ ಅದೇ ಸಮಯ ಪಾಲಿಸಲಿ. ಹಾಸಿಗೆಯ ಮೇಲೆಯೇ ಚೀಲಕ್ಕೆ ಬಿಡುವಂತೆ ವ್ಯವಸ್ಥೆ ಮಾಡಿಕೊಳ್ಳಿ. ಇಲ್ಲವೇ ಆ ಒಂದು ರಾತ್ರಿಗೆ ಒಳಗೇ ಇರುವಂಥ ಕ್ಯಾತಿಟರ್ ಹಾಕಿಸಬಹುದಾ ಅಂತ ಅವಳ ವೈದ್ಯರನ್ನು ಕೇಳಿ. ಕೆಳಗಿನ ಬರ್ತ್‌ಗೆ ಅಡ್ಡಲಾಗಿ ಒಂದು ಸೀರೆಯನ್ನು ನಡುವಿನ ಬರ್ತ್‌ನ ಸರಪಳಿಗೆ ಕಟ್ಟಿದರೆ ಚಿಕ್ಕ ಕೋಣೆಯೇ ಆಗುತ್ತದೆ. ನನ್ನ ಚೀಲದಲ್ಲಿ ಆ ಹಳೆಯ ಕಾಟನ್ ಸೀರೆ, ನಾಲ್ಕು ಬಟ್ಟೆ ಪಿನ್ನು ಯಾವಾಗಲೂ ಇರುತ್ತವೆ. ಹಾಗೆಯೇ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ, ರೈಲಿನ ನಿದ್ದೆಯಲ್ಲಿ ಮರೆತೇ ಹೋಗುತ್ತದೆ.

ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಮುಗಿಯುವುದಿಲ್ಲ, ಮೈಸೂರಿಗೆ ಮುಂದುವರಿಯುತ್ತದೆ. ಹಾಗಾಗಿ ಅರ್ಧ ಗಂಟೆ ಮುಂಚೆಯೇ ಎದ್ದು, ಚೇರ್ ಬಿಚ್ಚಿ ಬಾಗಿಲ ಹತ್ತಿರ ಇಟ್ಟುಕೊಂಡು ಸಿದ್ಧರಾಗಿರಿ. ಟಿಟಿಇಗೆ ರಾತ್ರಿಯೇ ಹೇಳಿಡಿ. ಇಳಿಯುವಾಗ ಕ್ರಮ ತಿರುವುಮುರುವು. ಮೊದಲು ಚೇರ್ ಇಳಿಯಬೇಕು, ಬ್ರೇಕ್ ಹಾಕಿ ಬಾಗಿಲ ಎದುರು ನಿಲ್ಲಿಸಬೇಕು, ಆಮೇಲೆ ತಂಗಿ, ಕೊನೆಗೆ ಚೀಲ. ಹೊರಗೆ ಬರಲು ಲಿಫ್ಟ್ ಎಲ್ಲಿದೆ ಅಂತ ಕೇಳಿ. ಪ್ಲಾಟ್‌ಫಾರಂ ತುದಿಯಲ್ಲಿ ಹಳಿ ದಾಟುವ ಟ್ರಾಲಿ ದಾರಿಯಲ್ಲಿ ಯಾರಾದರೂ ಕರೆದೊಯ್ಯುತ್ತೇವೆ ಅಂದರೆ, ರೈಲ್ವೆ ಸಿಬ್ಬಂದಿ ಜೊತೆಗಿಲ್ಲದೆ ಒಪ್ಪಬೇಡಿ.

ಯಾವುದೇ ಹಂತದಲ್ಲಿ ನೆರವು ಸಿಗದಿದ್ದರೆ ಜಗಳಕ್ಕೆ ನಿಲ್ಲದೆ ರೈಲ್ ಮದದ್ ಆ್ಯಪ್‌ನಲ್ಲಿ ಪಿಎನ್‌ಆರ್, ಸಮಯ, ಫೋಟೋ ಸಮೇತ ದೂರು ಹಾಕಿ. ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಆಗಲಿಲ್ಲ ಅಂದರೆ ಕೇಂದ್ರದ ಅಂಗವಿಕಲರ ಮುಖ್ಯ ಆಯುಕ್ತರಿಗೆ ಬರೆಯಬಹುದು. ನೀವು ಕೇಳುತ್ತಿರುವುದು ದಯೆ ಅಲ್ಲ. 2016ರ ಕಾಯ್ದೆಯ 41ನೇ ಕಲಂ ಬಸ್ಸು, ರೈಲು, ನಿಲ್ದಾಣ ಎಲ್ಲವೂ ನಮಗೆ ಎಟುಕುವಂತಿರಬೇಕು ಅನ್ನುತ್ತದೆ. ದೃಷ್ಟಿ ಇಲ್ಲದ ರಾಜೀವ್ ರತೂರಿ ಎಂಬವರು ಹಾಕಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಇನ್ನೂ ಗಟ್ಟಿಯಾಗಿ ಹೇಳಿತು. ಇಂಥ ಸೌಲಭ್ಯ ಬರೀ ಸಲಹೆಯಾಗಿ ಇದ್ದರೆ ಸಾಲದು, ಕನಿಷ್ಠ ಇಷ್ಟು ಕಡ್ಡಾಯ ಅನ್ನುವ ನಿಯಮ ಮಾಡಿ ಅಂತ ಸರ್ಕಾರಕ್ಕೆ ಆದೇಶ ಕೊಟ್ಟಿತು. ನೀವು ಹಾಕುವ ಒಂದೊಂದು ದೂರೂ ದಾಖಲೆಯಾಗಿ ಉಳಿಯುತ್ತದೆ, ಸುಮ್ನೆ ಹೋಗುವುದಿಲ್ಲ.

ಕೊನೆಯದಾಗಿ, ವಾಪಸ್ ಟಿಕೆಟ್ಟನ್ನೂ ಈಗಲೇ ಅದೇ ಕೋಟಾದಲ್ಲಿ ಮಾಡಿಸಿಬಿಡಿ. ಬರುವಾಗಲೂ ಅಣ್ಣಿಗೇರಿಯಲ್ಲಿ ಇಳಿಯಬೇಡಿ. ಹಂಪಿ ಎಕ್ಸ್‌ಪ್ರೆಸ್‌ನ ಕೊನೆಯ ನಿಲ್ದಾಣ ಹುಬ್ಬಳ್ಳಿ, ಅಲ್ಲಿಯವರೆಗೆ ಟಿಕೆಟ್ ತೆಗೆಸಿ. ಎಲ್ಲರೂ ಇಳಿದು ಹೋದ ಮೇಲೆ ಖಾಲಿ ಬೋಗಿಯಿಂದ ನಿಧಾನವಾಗಿ ಇಳಿಸಬಹುದು. ಇವತ್ತು ಮಾಡಬೇಕಾದ ಕೆಲಸ ಎರಡು: ರಿಯಾಯಿತಿ ಪತ್ರದ ನಮೂನೆ ತೆಗೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋಗುವುದು, ಸಂಜೆ ಅಂಗಳದ ಕಟ್ಟೆಯ ಹತ್ತಿರ ಒಂದು ಸಲ ಎತ್ತಿ ನೋಡುವುದು. ಎಣಿಸುವುದು ಅವಳೇ, ಮರೆಯಬೇಡಿ.